ಕೈಸ್ಪೆಕ್ಟ್ರೋಸ್ಕೋಪ್: ಸ್ಟೌವಿನ ನೀಲಿ ಉರಿಗೆ ಓಕೆ, ಅಳತೆಗೆ ಬೇಡ

ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ತೋರಿಸುವ, ಆನ್‌ಲೈನಿನಲ್ಲಿ ಐನೂರು ರೂಪಾಯಿಯ ಒಳಗೆ ಸಿಗುವ ಸಾಮಾನು ಇದು. ಕಪ್ಪು ಪ್ಲಾಸ್ಟಿಕ್ ಡಬ್ಬಿ, ಒಂದು ಕಡೆ ಸಣ್ಣ ಸೀಳು, ಇನ್ನೊಂದು ಕಡೆ ಬಣ್ಣ ಬಿಡಿಸುವ ಸಣ್ಣ ಗೀರುಗಳ ಗ್ರೇಟಿಂಗ್ ಹಾಳೆ, ಒಳಗೆ ಬೆಳಕಿನ ಅಲೆಯ ಉದ್ದ ಓದಲು 400ರಿಂದ 700 ನ್ಯಾನೋಮೀಟರ್‌ವರೆಗೆ ಸ್ಕೇಲು. ಕೆಳಗಿನ ರಿವ್ಯೂಗಳಲ್ಲಿ ಎಲ್ಲರೂ ಕಾಮನಬಿಲ್ಲು ಚೆನ್ನಾಗಿ ಕಾಣುತ್ತದೆ ಅಂತ ಬರೆದಿದ್ದಾರೆ. ಅದು ಹಳೇ ಸಿ.ಡಿ.ಯಲ್ಲೂ ಕಾಣುತ್ತದೆ, ಅದಕ್ಕೆ ಸುಮ್ನೆ ದುಡ್ಡು ಯಾಕೆ? ನಾನು ತರಿಸಿದ್ದು ಗ್ಯಾಸ್ ಸ್ಟೌವಿನ ನೀಲಿ ಉರಿ ನೋಡುವುದಕ್ಕೆ. ಆ ಒಂದು ಕೆಲಸಕ್ಕೆ ಕೊಟ್ಟ ದುಡ್ಡು ದಂಡವಾಗಿಲ್ಲ.

ಮೊದಲು ತಕರಾರು. ಸ್ಕೇಲು ಸರಿಯಿಲ್ಲ. ಸಿ.ಎಫ್.ಎಲ್. ಬಲ್ಬಿನ ಪಾದರಸದ ಹಸಿರು ಗೆರೆ 546ರಲ್ಲಿ ಬರಬೇಕು, ಇದರಲ್ಲಿ 555 ದಾಟಿ ಕೂತಿದೆ. ಡಬ್ಬಿಯ ಜೋಡಣೆಯಲ್ಲಿ ಬೆಳಕು ಸೋರುತ್ತದೆ, ಕಪ್ಪು ಟೇಪು ಸುತ್ತಲೇಬೇಕು. ಸೀಳನ್ನು ಅಗಲ ಕಿರಿದು ಮಾಡುವ ಹಾಗಿಲ್ಲ. ಇವೆಲ್ಲ ಹೋಗಲಿ, ಜೊತೆಗೆ ಬಂದ ಚೀಟಿಯಲ್ಲಿ ನೀಲಿ ಉರಿ ಅಂದರೆ ಜಾಸ್ತಿ ಬಿಸಿ, ಹಳದಿ ಅಂದರೆ ಕಡಿಮೆ ಬಿಸಿ, ಬಣ್ಣದ ವ್ಯತ್ಯಾಸಕ್ಕೆ ಬಿಸಿಯೊಂದೇ ಕಾರಣ ಅಂತ ಬರೆದಿದ್ದಾರೆ. ಅದು ತಪ್ಪು ಅನ್ನುವುದನ್ನು ಅವರೇ ಮಾರುವ ಡಬ್ಬಿ ತೋರಿಸಿಕೊಡುತ್ತದೆ!

ಮೇಣದಬತ್ತಿಯ ಹಳದಿಯನ್ನು ಇದರಲ್ಲಿ ನೋಡಿ. ಕೆಂಪಿನಿಂದ ನೇರಳೆಯ ಕಡೆಗೆ ಎಲ್ಲೂ ತುಂಡಾಗದ ಪಟ್ಟಿ. ಅದು ಕಾದ ಮಸಿಯ ಕಣಗಳ ಬೆಳಕು, ನಿಜವಾಗಿ ಬಿಸಿಯ ಬಣ್ಣ. ಈಗ ಲೈಟು ಆರಿಸಿ, ಸ್ಟೌವನ್ನು ಪೂರ್ತಿ ದೊಡ್ಡದು ಮಾಡಿ, ಉರಿಯ ಒಳಗಿನ ಚಿಕ್ಕ ಗೋಪುರವನ್ನು ಪಕ್ಕದಿಂದ ನೋಡಿ. ಬಿಡಿಬಿಡಿ ಪಟ್ಟಿಗಳು ಕಾಣುತ್ತವೆ. ನೇರಳೆಯ ಹತ್ತಿರ 431ರಲ್ಲಿ ಇರುವುದು ಒಂದು ಕಾರ್ಬನ್, ಒಂದು ಹೈಡ್ರೋಜನ್ ಇರುವ ಸಿಎಚ್ ಅನ್ನುವ ಚೂರು ಅಣುವಿನದು. 473ರ ನೀಲಿ, 516ರ ಹಸಿರು ಎರಡು ಕಾರ್ಬನ್‌ಗಳ ಸಿ2 ಅಣುವಿನವು, 1850ರ ದಶಕದಲ್ಲಿ ಇವನ್ನು ವಿವರಿಸಿದ ವಿಲಿಯಂ ಸ್ವಾನ್ ಹೆಸರೇ ಈ ಪಟ್ಟಿಗಳಿಗೆ ಇದೆ.

431ರ ಬೆಳಕು ಬಿಡಬೇಕಾದರೆ ಅಣುವಿನ ಹತ್ತಿರ ಸುಮಾರು 2.9 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರಬೇಕು. ಉರಿಯ ಬಿಸಿ ಎರಡು ಸಾವಿರ ಡಿಗ್ರಿಯ ಆಸುಪಾಸು. ಬರೀ ಆ ಬಿಸಿಯಿಂದ ಅಷ್ಟು ಶಕ್ತಿ ಸಿಗುವುದು ಕೋಟಿಗೆ ಕೆಲವೇ ಅಣುಗಳಿಗೆ. ಹಾಗಾದರೆ ಎಲ್ಲಿಂದ ಬಂತು? ಹುಟ್ಟುವಾಗಲೇ ಸಿಕ್ಕಿದ್ದು. ಉದಾಹರಣೆಗೆ ಸಿ2ಎಚ್ ಚೂರಿಗೆ ಆಮ್ಲಜನಕದ ಪರಮಾಣು ಬಡಿದು ಸಿಒ (ಕಾರ್ಬನ್ ಮೊನಾಕ್ಸೈಡ್), ಸಿಎಚ್ ಆದಾಗ, ಬಿಡುಗಡೆಯಾದ ಶಕ್ತಿಯ ದೊಡ್ಡ ಪಾಲು ಕೆಲವು ಸಿಎಚ್‌ಗಳ ಎಲೆಕ್ಟ್ರಾನಿಗೇ ಹೋಗುತ್ತದೆ. ಆದರೆ ಉರಿಯಲ್ಲಿ ಅಣು ಸೆಕೆಂಡಿಗೆ ನೂರಾರು ಕೋಟಿ ಸಲ ಪಕ್ಕದವರಿಗೆ ಡಿಕ್ಕಿ ಹೊಡೆಯುತ್ತದೆ, ಪ್ರತಿ ಡಿಕ್ಕಿಯಲ್ಲೂ ಶಕ್ತಿ ಕೈಬಿಟ್ಟು ಹೋಗಬಹುದು. ಸಂಬಳ ಬಂದ ದಿನದ ಜೇಬಿಗೂ ಕಂತು ಕಟ್ಟಿದ ಮೇಲಿನ ಜೇಬಿಗೂ ಇರುವ ವ್ಯತ್ಯಾಸ ಇದು. ಕಂತು ಕಟ್ಟುವ ಮೊದಲೇ ಬೆಳಕಾಗಿ ಖರ್ಚು ಮಾಡಿಕೊಂಡ ಅಣುಗಳು ಮಾತ್ರ ನಮಗೆ ನೀಲಿಯಾಗಿ ಕಾಣುತ್ತವೆ.

ಈ ಡಬ್ಬಿಯ ನಿಜವಾದ ಮಿತಿ ಸ್ಕೇಲಲ್ಲ, 700ರ ಆಚೆ ಏನೂ ಕಾಣದೇ ಇರುವುದು. ಹುಟ್ಟುವಾಗ ಅಣುವಿಗೆ ಸಿಗುವ ಶಕ್ತಿಯ ಕಥೆಯ ಒಳ್ಳೆಯ ಭಾಗ ಇರುವುದೇ ಕೆಂಪಿನ ಆಚೆಯ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನಲ್ಲಿ. ಟೊರಾಂಟೊದಲ್ಲಿ ರಸಾಯನ ವಿಜ್ಞಾನಿ ಜಾನ್ ಪೊಲಾನಿ ಕಡಿಮೆ ಒತ್ತಡದಲ್ಲಿ, ಅಂದರೆ ಡಿಕ್ಕಿಗಳನ್ನು ಕಡಿಮೆ ಮಾಡಿ, ಹೈಡ್ರೋಜನ್ ಪರಮಾಣು ಕ್ಲೋರಿನ್‌ಗೆ ಬಡಿದಾಗ ಹುಟ್ಟುವ ಎಚ್‌ಸಿಎಲ್‌ನ ಮಂದ ಬೆಳಕನ್ನು 1958ರಲ್ಲೇ ಹಿಡಿದಿದ್ದರು. 1986ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ, ಹರ್ಶ್‌ಬಾಕ್ ಮತ್ತು ಯುವಾನ್ ಲೀ ಜೊತೆಗೆ ಬಂತು. ಫ್ಲೋರಿನ್ ಪರಮಾಣು ಹೈಡ್ರೋಜನ್ ಅಣುವಿಗೆ ಬಡಿದರಂತೂ ಸುಮಾರು ಮೂರನೇ ಎರಡು ಪಾಲು ಶಕ್ತಿ ಹೊಸ ಎಚ್‌ಎಫ್ ಅಣುವಿನ ಕಂಪನಕ್ಕೇ ಹೋಗುತ್ತದೆ, ಕಾಲು ಭಾಗದಷ್ಟು ಓಟಕ್ಕೆ, ತಿರುಗುವುದಕ್ಕೆ ಚೂರುಪಾರು. ಫ್ಲೋರಿನ್ ಇನ್ನೂ ಹತ್ತಿರ ಬರುತ್ತಿರುವಾಗಲೇ ಶಕ್ತಿ ಬಿಡುಗಡೆ ಆಗುವುದರಿಂದ ಹೊಸ ಬಂಧ ಹುಟ್ಟುವುದೇ ಎಳೆದಾಡಿಕೊಂಡು. ಕಂಪಿಸದೇ ಸುಮ್ಮನಿರುವ ಎಚ್‌ಎಫ್‌ಗಿಂತ ಜೋರಾಗಿ ಕಂಪಿಸುವವು ಜಾಸ್ತಿ ಇರುತ್ತವೆ, ಎಚ್‌ಎಫ್ ಲೇಸರ್ ಕೆಲಸ ಮಾಡುವುದೇ ಅದರಿಂದ. ಐನೂರು ರೂಪಾಯಿಗೆ ಇದನ್ನೂ ಕೇಳಿದರೆ ಜಾಸ್ತಿ ಆಯಿತು, ಅಲ್ವಾ!

ಕೊಳ್ಳುವವರಿಗೆ ಒಂದೆರಡು ಮಾತು. ಸೂರ್ಯನ ಕಡೆ ನೇರವಾಗಿ ಹಿಡಿಯಲೇಬೇಡಿ, ಮಕ್ಕಳ ಕೈಗೆ ಕೊಡುವಾಗ ಪಕ್ಕದಲ್ಲೇ ಇರಿ. ಸ್ಟೌವಿನ ಪಟ್ಟಿಗಳು ಮಂದವಾಗಿವೆ ಅನಿಸಿದರೆ ಅಡುಗೆಯ ಬ್ಯೂಟೇನ್ ಟಾರ್ಚ್ ಹಚ್ಚಿ ನೋಡಿ, ಹಸಿರು ಪಟ್ಟಿ ಎದ್ದು ಕಾಣುತ್ತದೆ. ಮಧ್ಯೆ 589ರಲ್ಲಿ ಹಳದಿ ಗೆರೆ ಬಂದರೆ ಗಾಬರಿ ಬೇಡ, ಬರ್ನರ್ ಮೇಲೆ ಬಿದ್ದ ಉಪ್ಪಿನ ಸೋಡಿಯಂ ಅದು. ನಂಬರ್ ಓದುವ ಆಸೆ ಇದ್ದವರು ಬೇರೆ ನೋಡಿಕೊಳ್ಳಿ. ನನ್ನ ಕಡೆಯಿಂದ ಐದಕ್ಕೆ ಮೂರೂವರೆ, ಆ ಚೀಟಿ ಬದಲಾಯಿಸಿದರೆ ನಾಲ್ಕು.