ಅಮ್ಮನ ಕಿವಿ ಮಷಿನ್‌ಗೆ ಫೋನ್ ರಿಮೈಂಡರ್: ಎರಡು ವರ್ಷ ಬಳಸಿದ ಮೇಲೆ

ಅಮ್ಮನಿಗೆ ಕಿವಿ ಮಷಿನ್ ತಂದು ಎರಡು ವರ್ಷ ಆಯಿತು. ಹಾಕಿಕೊಳ್ಳುವ ರೂಢಿಯಾಗಲಿ ಅಂತ ಫೋನ್ ರಿಮೈಂಡರ್ ಬಳಸುತ್ತಿರುವುದೂ ಆಗಿನಿಂದಲೇ. ಮಷಿನ್‌ಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ರಿಮೈಂಡರ್ ಬಗ್ಗೆ ಬರೆಯುತ್ತೇನೆ. ಮೊದಲ ಎರಡು ತಿಂಗಳು ನಮ್ಮ ಮಷಿನ್ ಡಬ್ಬಿ ಬಿಟ್ಟು ಹೊರಗೆ ಬಂದಿದ್ದೇ ಕಡಿಮೆ.

ನಾವು ಬಳಸಿದ್ದು ಎರಡು ಬಗೆ. ಒಂದು, ಮಷಿನ್ ಕೊಟ್ಟ ಕ್ಲಿನಿಕ್‌ನಿಂದ ಮೂರು ತಿಂಗಳು ದಿನಾ ಬೆಳಿಗ್ಗೆ ಬರುತ್ತಿದ್ದ ಮೆಸೇಜ್. ಇನ್ನೊಂದು, ಫೋನಿನಲ್ಲೇ ಇರುವ ರಿಮೈಂಡರ್‌ನಲ್ಲಿ ನಾನೇ ಹಾಕಿಟ್ಟದ್ದು.

ಕ್ಲಿನಿಕ್ ಮೆಸೇಜ್‌ಗೆ ಐದರಲ್ಲಿ ಎರಡು ಅಂಕ ಕೊಡುತ್ತೇನೆ. ‘ಇಂದು ನಿಮ್ಮ ಶ್ರವಣ ಸಾಧನವನ್ನು ಧರಿಸಿ’ ಅನ್ನುವ ಅದೇ ಸಾಲು, ದಿನಾ. ಸಮಯ ಬದಲಿಸಲು ಆಗುವುದಿಲ್ಲ, ಉತ್ತರ ಬರೆಯಲೂ ಆಗುವುದಿಲ್ಲ. ಎರಡನೇ ವಾರಕ್ಕೆ ಅಮ್ಮ ಓದದೆಯೇ ಅಳಿಸತೊಡಗಿದರು. ಎಷ್ಟೋ ದಿನ ಮೆಸೇಜ್ ಬಂದಿದ್ದೇ ಅವರಿಗೆ ತಿಳಿದಿರಲಿಲ್ಲ. ಕೇಳಿದರೆ, “ಫೋನ್ ಬಡ್ಕೊಂಡಿದ್ದು ನಂಗೆ ಕೇಳ್ಸೇ ಇಲ್ಲ ಕಣೋ” ಅಂದರು. ವಯಸ್ಸಾದಂತೆ ಮೊದಲು ಕೇಳದಾಗುವುದು ತೆಳುವಾದ, ಮೇಲಿನ ದನಿಗಳು. ಅದಕ್ಕೇ ‘ಕಟ್ಟು’ ಅಂದರೆ ಅವರಿಗೆ ‘ತಟ್ಟು’ ಅಂತ ಕೇಳುತ್ತಿತ್ತು. ಫೋನಿನ ‘ಟಿಣ್’ ಅನ್ನುವ ಸದ್ದೂ ಅದೇ ಜಾತಿಯದು. ಮಷಿನ್ ಹಾಕಿಲ್ಲದವರನ್ನು ಅವರಿಗೆ ಕೇಳದ ಸದ್ದಿನಿಂದ ಕರೆಯುತ್ತಿದ್ದೆವು! ದಪ್ಪ ದನಿಯ ರಿಂಗ್‌ಟೋನ್ ಹಾಕಿ, ವೈಬ್ರೇಷನ್ ಉದ್ದ ಮಾಡಿದೆ. ನೀವು ರಿಮೈಂಡರ್ ಇಡುವುದಾದರೆ ಮೊದಲು ಇದನ್ನು ಮಾಡಿ.

ನಿಜ ಗೊತ್ತಾಗಿದ್ದು ಎರಡು ತಿಂಗಳ ನಂತರ, ತಪಾಸಣೆಗೆ ಹೋದಾಗ. ದಿನಕ್ಕೆ ಎಷ್ಟು ಹೊತ್ತು ಹಾಕಿದ್ದಾರೆ ಅನ್ನುವ ಲೆಕ್ಕ ಮಷಿನ್‌ನಲ್ಲೇ ಉಳಿದಿರುತ್ತದೆ. ಆಡಿಯಾಲಜಿಸ್ಟ್, ಅಂದರೆ ಕೇಳುವಿಕೆ ಪರೀಕ್ಷಿಸಿ ಮಷಿನ್ ಹೊಂದಿಸಿ ಕೊಡುವ ತಜ್ಞರು, ಅದನ್ನು ಕಂಪ್ಯೂಟರ್‌ಗೆ ಜೋಡಿಸಿ ನೋಡಿದರು. ಸರಾಸರಿ ಒಂದೂವರೆ ಗಂಟೆ. ನಾನು ಐದಾರು ಗಂಟೆ ಅಂದುಕೊಂಡಿದ್ದೆ. ನಾನು ಮನೆಯಲ್ಲಿದ್ದಾಗ ಮಾತ್ರ ಹಾಕಿಕೊಳ್ಳುತ್ತಿದ್ದರು, ನನ್ನ ಸಮಾಧಾನಕ್ಕೆ.

ಅವತ್ತು ಸಂಜೆ ಬೈಯದೆ ಕೂತು ಕೇಳಿದೆ. ತಮ್ಮ ದನಿಯೇ ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ, ಪಾತ್ರೆ ಸದ್ದು ತಲೆಗೆ ಹೊಡೆಯುತ್ತದೆ, ಪೇಪರ್ ಮಡಚಿದರೂ ಬೆಚ್ಚುವಂತಾಗುತ್ತದೆ ಅಂದರು. ವರ್ಷಗಟ್ಟಲೆ ಕೇಳದ ಸದ್ದುಗಳು ಒಟ್ಟಿಗೆ ವಾಪಸ್ ಬಂದರೆ ಮೆದುಳು ಹೊಂದಿಕೊಳ್ಳಲು ವಾರಗಳು ಬೇಕು, ಕೆಲವರಿಗೆ ತಿಂಗಳುಗಳೇ ಬೇಕು. ಅಮ್ಮ ಮರೆತಿರಲಿಲ್ಲ, ಸುಸ್ತಾಗಿದ್ದರು. ಅಂಥವರಿಗೆ ‘ಧರಿಸಿ’ ಅಂತ ದಿನಾ ನೆನಪಿಸಿ ಏನು ಪ್ರಯೋಜನ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ, ಕಿವಿ ಮಷಿನ್‌ನಿಂದ ಉಪಯೋಗ ಆಗಬಹುದಾದವರಲ್ಲಿ ಶೇಕಡಾ 17ರಷ್ಟು ಜನ ಮಾತ್ರ ಅದನ್ನು ಬಳಸುತ್ತಿದ್ದಾರೆ. ದುಡ್ಡು, ದೂರ, ನಾಚಿಕೆ ಎಲ್ಲ ಕಾರಣವೂ ಇರುತ್ತವೆ. ಆದರೆ ಕೊಂಡ ಮೇಲೂ ಡಬ್ಬಿಯಲ್ಲಿಡುವವರ ಕಷ್ಟ ನನಗೆ ಅರ್ಥವಾಗಿದ್ದು ಅವತ್ತೇ.

ಆಮೇಲೆ ರಿಮೈಂಡರ್‌ಗಳನ್ನೆಲ್ಲ ಬದಲಿಸಿದೆ. ಮೊದಲ ವಾರ ಸದ್ದಿಲ್ಲದ ಕೋಣೆಯಲ್ಲಿ ಒಂದು ಗಂಟೆ, ಒಬ್ಬರ ಜೊತೆ ಮಾತು. ಮೂರನೇ ವಾರದಿಂದ ಟೀವಿ. ಹೆಚ್ಚು ಜನ ಸೇರುವ ಕಡೆ ಎರಡನೇ ತಿಂಗಳಿಂದ. ಅಕ್ಕ ದಿನಾ ಸಂಜೆ ಐದೂವರೆಗೆ ಫೋನ್ ಮಾಡುತ್ತಾಳೆ. ಅದಕ್ಕೆ ಹತ್ತು ನಿಮಿಷ ಮುಂಚೆ ಒಂದು ರಿಮೈಂಡರ್. ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ, ಯಾಕೆಂದರೆ ಕೇಳಿಸಿಕೊಳ್ಳಲು ಒಂದು ಕಾರಣ ಅದರ ಹಿಂದೆ ಇತ್ತು. ರಾತ್ರಿ ನಾನು ‘ಇವತ್ತು ಯಾವ ಸದ್ದು ಕಿರಿಕಿರಿ ಆಯ್ತು?’ ಅಂತ ಮೆಸೇಜ್ ಮಾಡುತ್ತಿದ್ದೆ. ಅಮ್ಮ ವಾಯ್ಸ್ ಮೆಸೇಜ್‌ನಲ್ಲಿ ಹೇಳುತ್ತಿದ್ದರು. ಆ ಉತ್ತರಗಳನ್ನು ಆಡಿಯಾಲಜಿಸ್ಟ್‌ಗೆ ತೋರಿಸಿದಾಗ ಅವರು ಪಾತ್ರೆಯಂಥ ಜೋರು ಸದ್ದುಗಳನ್ನು ಮಾತ್ರ ತಗ್ಗಿಸಿ ಕೊಟ್ಟರು. ಮುಂದಿನ ತಪಾಸಣೆಯಲ್ಲಿ ಲೆಕ್ಕ ಆರು ಗಂಟೆ ದಾಟಿತ್ತು.

ಇನ್ನೊಂದು ಮಾತು. ಪರದೆ ಮೇಲೆ ‘ಕಿವಿ ಮಷಿನ್ ಹಾಕಿ’ ಅಂತ ನೆಂಟರ ಮುಂದೆ ಕಾಣಿಸಿಕೊಂಡಾಗ ಅಮ್ಮನ ಮುಖ ಸಣ್ಣದಾಯಿತು. ನನಗೆ ತುಂಬ ನೋವಾಯಿತು. ಅವತ್ತಿಂದ ‘ಅಮ್ಮಾ, ಟೈಮಾಯ್ತು’ ಅಂತಷ್ಟೇ ಬರುವ ಹಾಗೆ ಬರೆದಿದ್ದೇನೆ.

ನಿರ್ವಹಣೆಯ ವಿಷಯಕ್ಕಾದರೆ ರಿಮೈಂಡರ್‌ಗೆ ಪೂರ್ತಿ ಐದು ಅಂಕ. ಒಮ್ಮೆ ಬಲಗಿವಿಯ ಮಷಿನ್ ಸತ್ತೇ ಹೋದಂತಾಗಿತ್ತು. ಕೆಟ್ಟಿತು ಅಂತ ಬೇಜಾರಾಗಿ ಕೂತಿದ್ದೆವು. ಆಗ ತಿಂಗಳ ಮೊದಲ ದಿನದ ‘ವ್ಯಾಕ್ಸ್ ಗಾರ್ಡ್’ ರಿಮೈಂಡರ್ ಬಂತು. ಕಿವಿಯ ಗುಗ್ಗೆ ಒಳಗೆ ಹೋಗದಂತೆ ತಡೆಯುವ ಪುಟ್ಟ ಜಾಲರಿ ಅದು. ಬದಲಿಸಿದೆವು, ದನಿ ವಾಪಸ್ ಬಂತು. ಬ್ಯಾಟರಿಗೂ ಹೀಗೇ. ನಮ್ಮದು 312 ಸೈಜಿನದು, ಕಂದು ಸ್ಟಿಕ್ಕರ್ ಇರುತ್ತದೆ. ಸ್ಟಿಕ್ಕರ್ ಕಿತ್ತ ಮೇಲೆ ಗಾಳಿ ತಾಗಲು ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ಅಮ್ಮನಿಗೆ ಒಂದು ವಾರ ಬರುತ್ತದೆ, ಹಾಗಾಗಿ ಭಾನುವಾರ ಬೆಳಿಗ್ಗೆ ಅದರ ರಿಮೈಂಡರ್. ಮಲಗುವ ಹೊತ್ತಿಗೆ ‘ಬ್ಯಾಟರಿ ಬಾಗಿಲು ತೆಗೆದಿಡಿ’ ಅಂತ ಇನ್ನೊಂದು.

ಎಂಟು ತಿಂಗಳ ಹಿಂದೆ ದಿನದ ರಿಮೈಂಡರ್‌ಗಳನ್ನು ಒಂದೊಂದಾಗಿ ತೆಗೆದೆ. ಬಳಕೆ ಇಳಿಯಲಿಲ್ಲ, ಕಳೆದ ಸಲ ನೋಡಿದಾಗ ಒಂಬತ್ತು ಗಂಟೆ ಇತ್ತು. ಈಗ ಬ್ಯಾಟರಿ, ವ್ಯಾಕ್ಸ್ ಗಾರ್ಡ್, ಆರು ತಿಂಗಳ ತಪಾಸಣೆ, ಇಷ್ಟೇ ಉಳಿದಿವೆ. ಐದು ಇಪ್ಪತ್ತರದ್ದನ್ನೂ ಅಳಿಸಲು ಹೋದೆ. ಅಮ್ಮ ಬಿಡಲಿಲ್ಲ. “ಅದು ಇರ್ಲಿ ಬಿಡೋ. ನಿನ್ನಕ್ಕ ಫೋನ್ ಮಾಡೋ ಹೊತ್ತಾಯ್ತು ಅಂತ ಗೊತ್ತಾಗುತ್ತಲ್ವಾ” ಅಂದರು.