ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಮನೆಗೆ ಕರೆತರುವ ಮೊದಲು ಕಣ್ಣಿನ ಪರೀಕ್ಷೆ ಕೇಳಿ ಮಾಡಿಸಿ

ಮಕ್ಕಳು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಇರುವವರು, ಈಗಷ್ಟೇ ಮನೆಗೆ ಕರೆತಂದವರು ದಯವಿಟ್ಟು ಇದನ್ನು ಓದಿ. ಡಿಸ್ಚಾರ್ಜ್ ದಿನ ಆಸ್ಪತ್ರೆಯವರು ನಮಗೆ ನೂರೆಂಟು ವಿಷಯ ಹೇಳಿದರು. ಕಣ್ಣಿನ ಪರೀಕ್ಷೆ ಆಗಿಲ್ಲ, ಬೇಗ ಮಾಡಿಸಿ ಅಂತ ಮಾತ್ರ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಇನ್ನೊಂದೆರಡು ವಾರ ತಡವಾಗಿದ್ದರೆ ನಮ್ಮ ಮಗನ ಎರಡೂ ಕಣ್ಣು ಹೋಗುತ್ತಿದ್ದವೋ ಏನೋ.

ನನಗೆ ಅವಳಿ. 31ನೇ ವಾರಕ್ಕೇ ಹೆರಿಗೆ ಆಯಿತು. ಮಗ 1620 ಗ್ರಾಂ, ಮಗಳು 1280. ನಮ್ಮ ಜಿಲ್ಲೆಯದೇ ಒಂದು ಖಾಸಗಿ ಆಸ್ಪತ್ರೆ, ಹೆಸರು ಬೇಡ. ಮಗನಿಗೆ ಉಸಿರಾಟದ ತೊಂದರೆ ಜಾಸ್ತಿ ಇತ್ತು. ಮೊದಲು ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಹಾಕಿದರು, ಆಮೇಲೂ ತುಂಬಾ ದಿನ ಮೂಗಿಗೆ ಸಣ್ಣ ಪೈಪಿಟ್ಟು ಆಕ್ಸಿಜನ್ ಕೊಟ್ಟರು. ಮಗಳು ನೋಡಲು ಅಂಗೈಯಷ್ಟಿದ್ದರೂ ಗಟ್ಟಿಗಿತ್ತಿ, ಬೇಗ ಆಕ್ಸಿಜನ್ ಬಿಟ್ಟಳು.

ಅಲ್ಲಿದ್ದಷ್ಟು ದಿನ ನಮ್ಮ ಲೋಕವೆಲ್ಲ ತೂಕದ ಯಂತ್ರದ ಮೇಲೇ ಇತ್ತು. ಹತ್ತು ಗ್ರಾಂ ಏರಿದರೆ ಊರಿಗೆಲ್ಲ ಫೋನು. ಇಳಿದರೆ ನಾನು ಕಾರಿಡಾರಿನಲ್ಲಿ ಅಳುವುದು. ಪಂಪಿನಲ್ಲಿ ಹಾಲು ತೆಗೆದು ಎರಡು ಪಾಲು ಮಾಡಿ ಕೊಡುತ್ತಿದ್ದೆ. ಕಾಂಗರೂ ಆರೈಕೆಗೆ ಒಂದು ಮಗು ನನ್ನ ಎದೆಗೆ, ಇನ್ನೊಂದು ಅವರಪ್ಪನ ಎದೆಗೆ. ಅಲ್ಲಿನ ನರ್ಸ್‌ಗಳು ನಿಜವಾಗಿಯೂ ಒಳ್ಳೆಯವರು, ಅದನ್ನೂ ಹೇಳಬೇಕು. ನಮಗೆ ಮೋಸವಾಗಿದ್ದು ಕೊನೆಯ ದಿನ, ಬಿಲ್ಲಿನ ಕೌಂಟರಿನಲ್ಲಿ.

ಅವತ್ತು ಇಬ್ಬರದ್ದೂ ಬೇರೆ ಬೇರೆ ಫೈಲು, ಬೇರೆ ಬೇರೆ ಬಿಲ್ಲು. ವಿಟಮಿನ್ ಡಿ ಹನಿ ಎಷ್ಟು, ಕಬ್ಬಿಣದ ಹನಿ ಯಾವಾಗ ಶುರು ಮಾಡಬೇಕು, ಎಷ್ಟು ಹೊತ್ತಿಗೊಮ್ಮೆ ಹಾಲು, ಯಾರನ್ನೂ ಮುಟ್ಟಲು ಬಿಡಬೇಡಿ, ಎಲ್ಲ ಹೇಳಿದರು. ಡಿಸ್ಚಾರ್ಜ್ ಸಮರಿಯ ಕೊನೆಯ ಹಾಳೆಯಲ್ಲಿ, ಔಷಧಿಗಳ ಕೆಳಗೆ, ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಇತ್ತು: 'ಆರ್‌ಒಪಿ ಸ್ಕ್ರೀನಿಂಗ್ ಆಸ್ ಅಡ್ವೈಸ್ಡ್'. ಅಂದರೆ ಸಲಹೆ ಕೊಟ್ಟಂತೆ ಕಣ್ಣಿನ ಪರೀಕ್ಷೆ ಮಾಡಿಸಿ ಅಂತ. ಅಡ್ವೈಸ್ ಮಾಡಿದವರು ಯಾರು? ಯಾವ ತಾರೀಕಿಗೆ? ಯಾವ ಊರಿಗೆ ಹೋಗಬೇಕು? ಏನೂ ಇಲ್ಲ.

ಮನೆಗೆ ಬಂದ ಮೇಲೆ ಬಾಣಂತನದ ಗಲಾಟೆ ಗೊತ್ತಲ್ಲ. ಸಾಂಬ್ರಾಣಿ ಹೊಗೆ ಬೇಡ, ಈ ಮಕ್ಕಳ ಶ್ವಾಸಕೋಶ ತಡೆಯಲ್ಲ ಅಂತ ಅತ್ತೆಗೆ ಹೇಳುವುದು, ಮೂಗು ಕಿವಿಗೆ ಎಣ್ಣೆ ಬಿಡಬೇಡ ಅಂತ ಅಮ್ಮನಿಗೆ ಹೇಳುವುದು, ಜೇನುತುಪ್ಪ ಹಿಡಿದು ಬಂದ ನೆಂಟರನ್ನು ತಡೆಯುವುದು. ಇಬ್ಬರೂ ಚೆನ್ನಾಗಿ ಹಾಲು ಕುಡಿಯುತ್ತಿದ್ದರು. ಕಣ್ಣಿನ ಯೋಚನೆ ಯಾರಿಗೆ ಬರಬೇಕು?

ಬಂದಿದ್ದು ನಮ್ಮ ಆಶಾ ಕಾರ್ಯಕರ್ತೆಗೆ. ಮಕ್ಕಳನ್ನು ನೋಡಲು ಮನೆಗೆ ಬಂದವರು ಫೈಲು ತಿರುವಿ, "ಅಕ್ಕಾ, ಕಣ್ಣಿನ ಟೆಸ್ಟ್ ಆಯ್ತಾ?" ಅಂದರು. ಯಾವ ಟೆಸ್ಟ್ ಅಂತ ಕೇಳಿದೆ. ಅವರ ಮುಖ ನೋಡಿಯೇ ನನಗೆ ಹೆದರಿಕೆ ಆಯಿತು. ಮಕ್ಕಳಿಗೆ ಆಗ ಆರನೇ ವಾರ ನಡೆಯುತ್ತಿತ್ತು. ಆಸ್ಪತ್ರೆಗೆ ಫೋನ್ ಮಾಡಿದರೆ, "ಸಮರಿಯಲ್ಲಿ ಬರೆದಿದ್ದೀವಲ್ಲ ಮೇಡಂ" ಅಂದರು. ಅಷ್ಟೇ. ನನಗೆ ಇವತ್ತಿಗೂ ಸಿಟ್ಟು ಬರುವುದು ಆ ಮಾತಿಗೆ.

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅಂತ ಒಂದು ಪದರ ಇರುತ್ತದೆ. ಅದರ ರಕ್ತನಾಳಗಳು ಪೂರ್ತಿ ಬೆಳೆಯುವುದು ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಮಗು ಬೇಗ ಹುಟ್ಟಿದರೆ ಆ ಬೆಳವಣಿಗೆ ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ಕೆಲವು ಮಕ್ಕಳಲ್ಲಿ ನಾಳಗಳು ಅಡ್ಡಾದಿಡ್ಡಿ ಬೆಳೆದು, ರೆಟಿನಾವನ್ನು ಎಳೆದು ಕಿತ್ತುಬಿಡುತ್ತವೆ. ಇದೇ ಆರ್‌ಒಪಿ, ಅಂದರೆ ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ. ಆಕ್ಸಿಜನ್ ಅಳತೆ ಮೀರಿದರೆ ಅಪಾಯ ಜಾಸ್ತಿ. ಹಾಗಂತ ಆಕ್ಸಿಜನ್ ಬೇಡ ಅಂತ ಯಾರೂ ಹಟ ಮಾಡಬೇಡಿ. ಜೀವ ಉಳಿಸಿದ್ದೇ ಅದು. ಅದನ್ನು ಅಳೆದು ಕೊಡುವುದು, ಆಮೇಲೆ ಕಣ್ಣು ನೋಡಿಸುವುದು ಆಸ್ಪತ್ರೆಯ ಕೆಲಸ.

ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ ಅನ್ನುವುದೇ ಇದರ ದೊಡ್ಡ ಅಪಾಯ. ಕಣ್ಣು ಕೆಂಪಾಗಲ್ಲ, ನೀರು ಸೋರಲ್ಲ. "ಮಗು ದೀಪ ನೋಡುತ್ತಲ್ಲ, ಯಾಕೆ ಸುಮ್ನೆ ಅಲೆಸ್ತೀಯ?" ಅಂತ ನಮ್ಮತ್ತೆಯೂ ಕೇಳಿದರು. ಕಣ್ಣಿನ ಪಾಪೆ ಬೆಳ್ಳಗೆ ಕಾಣುವ ಹೊತ್ತಿಗೆ ಸಾಮಾನ್ಯವಾಗಿ ಕೈಮೀರಿರುತ್ತದೆ.

ನಮ್ಮ ದೇಶದ ನಿಯಮ ಸ್ಪಷ್ಟವಾಗಿದೆ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2000 ಗ್ರಾಂಗಿಂತ ಕಡಿಮೆ ತೂಕದ ಎಲ್ಲ ಮಕ್ಕಳಿಗೂ ಹುಟ್ಟಿದ 30 ದಿನದ ಒಳಗೆ ಮೊದಲ ಪರೀಕ್ಷೆ ಆಗಬೇಕು. 28 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 1200 ಗ್ರಾಂಗಿಂತ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ, ಎರಡು ಮೂರು ವಾರಕ್ಕೇ. ಗೂಗಲ್‌ನಲ್ಲಿ ಹುಡುಕಿದರೆ 1500 ಗ್ರಾಂ, 30 ವಾರ ಅಂತ ಬರುತ್ತದೆ. ಅದು ಅಮೆರಿಕದ ಲೆಕ್ಕ. ಆ ಲೆಕ್ಕ ಹಿಡಿದರೆ ತೂಕದಲ್ಲೂ ವಾರದಲ್ಲೂ ನನ್ನ ಮಗ ಹೊರಗೆ. ಇಲ್ಲಿ ಅದಕ್ಕಿಂತ ದಪ್ಪ ಮಕ್ಕಳಿಗೂ ಇದು ಬರುತ್ತದೆ, ಅದಕ್ಕೇ ನಮ್ಮ ನಿಯಮ ಬೇರೆ.

ನಮ್ಮ ಮನೆಯಲ್ಲಿ ಆಗಿದ್ದೂ ಅದೇ. ಎಲ್ಲರ ಭಯ ಮಗಳ ಮೇಲಿತ್ತು. ಅವಳ ನಾಳಗಳು ತಾವಾಗಿಯೇ ಸರಿಯಾಗಿ ಬೆಳೆಯುತ್ತಿದ್ದವು, ಪೂರ್ತಿ ಬೆಳೆಯುವ ತನಕ ಮತ್ತೆ ಮತ್ತೆ ತೋರಿಸಿದೆವು, ಅಷ್ಟೇ. ಮಗನ ಕಣ್ಣು ನೋಡಿದ ಡಾಕ್ಟರು ಮಾತ್ರ ತಕ್ಷಣ ಲೇಸರ್ ಆಗಬೇಕು ಅಂದರು. ಈ ಹಂತದಲ್ಲಿ ಎರಡು ಮೂರು ದಿನದೊಳಗೆ ಚಿಕಿತ್ಸೆ ಆಗಲೇಬೇಕಂತೆ. ಕೆಲವು ಮಕ್ಕಳಿಗೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡುವುದೂ ಉಂಟು. ಅವನಿಗೆ ಲೇಸರ್ ಆಯಿತು, ರೆಟಿನಾ ಉಳಿಯಿತು. ಮುಂದೆ ಕನ್ನಡಕ ಬರಬಹುದು, ಮಾಲಗಣ್ಣು ಬರಬಹುದು, ತೋರಿಸುತ್ತಾ ಇರಬೇಕು. ಅಷ್ಟಕ್ಕೇ ನಾವು ದೇವರಿಗೆ ಕೈ ಮುಗಿದೆವು. ಅವಳಿ ಇರುವವರು ಒಂದು ಮಗುವಿನ ರಿಪೋರ್ಟ್ ನೋಡಿ ಇನ್ನೊಂದನ್ನು ಬಿಡಬೇಡಿ.

ಪರೀಕ್ಷೆಗೆ ಹೆದರಬೇಡಿ. ಪಾಪೆ ಅಗಲವಾಗಲು ಹನಿ ಹಾಕಿ, ರೆಪ್ಪೆ ಮುಚ್ಚದಂತೆ ಒಂದು ಸಣ್ಣ ಕ್ಲಿಪ್ ಇಟ್ಟು ನೋಡುತ್ತಾರೆ. ಮಗು ಕಿರುಚಿ ಅಳುತ್ತದೆ, ನೋಡಲು ಆಗುವುದಿಲ್ಲ. ಆದರೆ ಕೆಲವೇ ನಿಮಿಷ. ಪರೀಕ್ಷೆಗೆ ಸ್ವಲ್ಪ ಮುಂಚೆ ಹೊಟ್ಟೆ ತುಂಬಾ ಹಾಲು ಕೊಡಬೇಡಿ, ವಾಂತಿ ಆಗುತ್ತದೆ.

ದುಡ್ಡಿನ ಚಿಂತೆ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ಕಾಯಿಲೆ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಕಿಡ್‌ರಾಪ್ ಯೋಜನೆ 2008ರಿಂದ ಜಿಲ್ಲೆಗಳಿಗೆ ಕ್ಯಾಮೆರಾ ಕಳುಹಿಸಿ, ಮಕ್ಕಳ ಕಣ್ಣಿನ ಫೋಟೋ ತೆಗೆದು ದೂರದಿಂದಲೇ ತಜ್ಞರಿಗೆ ತೋರಿಸುತ್ತಿದೆ. ನಮ್ಮ ರಾಜ್ಯದಲ್ಲಿ ಇಷ್ಟು ಇರುವಾಗ ಒಂದು ಆಸ್ಪತ್ರೆಗೆ ಬಾಯಿಮಾತಿನಲ್ಲಿ ಹೇಳಲು ಏನು ಕಷ್ಟ, ಅಲ್ವಾ?

ಹೇಳದೆ ಬಿಡುವುದು ಸಣ್ಣ ತಪ್ಪಲ್ಲ. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ದಿನ ತುಂಬದೆ ಹುಟ್ಟಿದ ಹೆಣ್ಣುಮಗುವಿಗೆ ಈ ಪರೀಕ್ಷೆ ಮಾಡದೆ, ಹೆತ್ತವರಿಗೆ ಹೇಳದೆ ಕಣ್ಣು ಹೋಯಿತು. 2015ರಲ್ಲಿ ಸುಪ್ರೀಂ ಕೋರ್ಟ್ ಆ ಕುಟುಂಬಕ್ಕೆ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು.

ಹಾಗಾಗಿ ಡಿಸ್ಚಾರ್ಜ್ ಹಾಳೆಗೆ ಸಹಿ ಹಾಕುವ ಮುಂಚೆ ಮಕ್ಕಳ ಡಾಕ್ಟರನ್ನೇ ನೇರವಾಗಿ ಕೇಳಿ: ಕಣ್ಣು ನೋಡಿದ್ದೀರಾ, ಯಾವತ್ತು ನೋಡಿದಿರಿ, ಮುಂದಿನದು ಯಾವಾಗ, ಎಲ್ಲಿ? ಉತ್ತರವನ್ನು ತಾರೀಕಿನ ಸಮೇತ ಪ್ರತಿ ಮಗುವಿನ ಹಾಳೆಯಲ್ಲೂ ಬರೆಸಿಕೊಳ್ಳಿ. ಈಗಾಗಲೇ ಮನೆಗೆ ಬಂದಿದ್ದರೆ ಇವತ್ತೇ ಫೈಲು ತೆಗೆದು ನೋಡಿ. 30 ದಿನ ದಾಟಿದ್ದರೂ ಸುಮ್ಮನಿರಬೇಡಿ, ರೆಟಿನಾ ನೋಡುವ ಡಾಕ್ಟರ್ ಎಲ್ಲಿದ್ದಾರೆ ಅಂತ ವಿಚಾರಿಸಿ ನಾಳೆಯೇ ಹೊರಡಿ. ಕಿವಿಯ ಪರೀಕ್ಷೆ ಆಗಿದೆಯಾ ಅಂತಲೂ ಜೊತೆಯಲ್ಲೇ ಕೇಳಿಬಿಡಿ, ನಮ್ಮ ಫೈಲಿನಲ್ಲಿ ಅದೂ ಇರಲಿಲ್ಲ.