ಪಿಕಪ್ ಎತ್ತರ ಮಾಡಲು ರಾಡ್ ಮನೆಯಲ್ಲೇ ಮಾಡಬೇಡಿ: ನನಗೆ ಆದದ್ದು ಕೇಳಿ

ಪಿಕಪ್ಪಿನ ಹಿಂದೆ ಏರ್ ಬಲೂನ್ (ಲೋಡ್ ಹೊರಲು ನೆರವಾಗುವ ಗಾಳಿಚೀಲ) ಹಾಕಿಸಿಕೊಂಡವರು, ಹಾಕಿಸಬೇಕು ಅಂತ ಇರುವವರು ಇದನ್ನು ಪೂರ್ತಿ ಓದಿ. ಗಾಡಿ ಎರಡು ಇಂಚು ಮೇಲೆ ಎತ್ತೋಣ ಅಂತ ನಾನೇ ಎರಡು ರಾಡ್ ಮಾಡಿದೆ. ಖರ್ಚು 180 ರೂಪಾಯಿ. ಕೊನೆಗೆ ಕೈ ಬಿಟ್ಟದ್ದು 26,000. ಹನ್ನೆರಡು ದಿನದ ಬಾಡಿಗೆ ಬೇರೆ ಹೋಯಿತು.

ನನ್ನದು ಕಲಬುರಗಿ. ಜೇವರ್ಗಿ, ಚಿತ್ತಾಪುರ ಕಡೆಯ ಹಳ್ಳಿಗಳಿಂದ ತೊಗರಿ ತುಂಬಿಕೊಂಡು ಗಂಜಿಗೆ, ಅಂದರೆ ಇಲ್ಲಿನ ಧಾನ್ಯದ ಮಾರುಕಟ್ಟೆಗೆ, ತಂದು ಹಾಕುವುದು ಕೆಲಸ. ಗಾಡಿ ಸೆಕೆಂಡ್ ಹ್ಯಾಂಡ್. ಮೊದಲಿನ ಮಾಲೀಕರು ಹಿಂದಿನ ಪಾಟಾಗಳ (ಪಟ್ಟಿ ಸ್ಪ್ರಿಂಗ್) ಜೊತೆಗೆ ಎರಡೂ ಕಡೆ ಏರ್ ಬಲೂನ್, ಸಣ್ಣ ಕಂಪ್ರೆಸರ್, ಒಂದು ಟ್ಯಾಂಕ್ ಹಾಕಿಸಿದ್ದರು. ಒಂದೊಂದು ಬಲೂನಿಗೂ ಒಂದೊಂದು ಲೆವೆಲಿಂಗ್ ವಾಲ್ವ್. ಬಸ್ಸುಗಳಲ್ಲಿ ಇರುತ್ತದಲ್ಲ, ಅಂಥದ್ದೇ.

ಅದು ಕೆಲಸ ಮಾಡುವ ರೀತಿ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ವಾಲ್ವ್ ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಚೌಕಟ್ಟಿಗೆ, ಕೂತಿರುತ್ತದೆ. ಅದಕ್ಕೊಂದು ಪುಟ್ಟ ಕೈ. ಆ ಕೈಯ ತುದಿಯಿಂದ ಒಂದು ರಾಡ್ ಇಳಿದು ಹಿಂದಿನ ಹೌಸಿಂಗಿಗೆ (ಹಿಂದಿನ ಎರಡು ಗಾಲಿಗಳ ನಡುವಿನ ಅಚ್ಚಿನ ಕವಚ) ಸೇರುತ್ತದೆ. ಲೋಡ್ ಬಿದ್ದು ಚಾಸಿ ಕೆಳಗೆ ಬಂದರೆ ರಾಡ್ ಆ ಕೈಯನ್ನು ಮೇಲೆ ತಳ್ಳುತ್ತದೆ, ಬಲೂನಿಗೆ ಗಾಳಿ ತುಂಬುತ್ತದೆ. ಲೋಡ್ ಇಳಿಸಿದಾಗ ಚಾಸಿ ಮೇಲೆದ್ದು ಕೈ ಕೆಳಗೆ ಬಾಗುತ್ತದೆ, ಬುಸ್ ಅಂತ ಗಾಳಿ ಹೊರಗೆ ಹೋಗುತ್ತದೆ. ಗಾಡಿ ಎಷ್ಟು ಎತ್ತರ ನಿಲ್ಲಬೇಕು ಅನ್ನುವುದು ಆ ರಾಡಿನ ಉದ್ದದ ಮೇಲೆ. ರಾಡ್ ಉದ್ದ ಮಾಡಿದರೆ ಗಾಡಿ ಎತ್ತರ. ಇಷ್ಟು ತಿಳಿದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ.

ಹೊಲದ ದಾರಿಯಲ್ಲಿ ಗಾಡಿಯ ಹಿಂಭಾಗ ಬದುವಿಗೆ ತಾಗುತ್ತಿತ್ತು. ಸರಿಯಾದ ಉದ್ದದ, ತಿರುಗಿಸಿ ಉದ್ದ ಕಡಿಮೆ ಜಾಸ್ತಿ ಮಾಡುವ ರಾಡ್ ಹೈದರಾಬಾದಿನಲ್ಲಿ ಸಿಗುತ್ತಿತ್ತು, ಜೋಡಿಗೆ 1,400. ಒಂದು ಕಬ್ಬಿಣದ ಕಡ್ಡಿಗೆ ಅಷ್ಟಾ ಅನ್ನಿಸಿತು. ಶರಣಬಸವೇಶ್ವರ ಜಾತ್ರೆ ಮುಗಿದ ವಾರ ಹಾರ್ಡ್‌ವೇರ್ ಅಂಗಡಿಯಿಂದ 8 ಎಂಎಂ ಥ್ರೆಡ್ ರಾಡ್ ತಂದೆ. ಮೂಲ ರಾಡಿನ ಎರಡೂ ತುದಿಯಲ್ಲಿ ರಬ್ಬರಿನ ಜಾಯಿಂಟ್ ಇತ್ತು, ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ತಿರುಗಲಿ ಅಂತ. ನಾನು ಹಾಕಿದ್ದು ತೋಟಕ್ಕೆ ನೀರು ಬಿಡುವ ಪೈಪಿನ ತುಂಡು ಮತ್ತು ಎರಡು ಕ್ಲಿಪ್ಪು. ನೋಡಲು ಚೆನ್ನಾಗಿಯೇ ಇತ್ತು. ಫೋಟೋ ತೆಗೆದು ಡ್ರೈವರ್ ಗೆಳೆಯರಿಗೆ ಕಳಿಸಿದೆ, ಮೂರು ಜನ ನಮಗೂ ಮಾಡಿಕೊಡು ಅಂದರು. ಪುಣ್ಯಕ್ಕೆ ಮಾಡಿಕೊಡಲಿಲ್ಲ.

ಮೊದಲ ಎಚ್ಚರಿಕೆ ಅವತ್ತೇ ಸಿಕ್ಕಿತ್ತು. ಲೋಡ್ ಇದ್ದಾಗಲೇ ಅಳತೆ ಸರಿ ಮಾಡೋಣ ಅಂತ ಮರುದಿನ ಗಂಜಿಗೆ ಹೋಗಬೇಕಿದ್ದ ಚೀಲಗಳನ್ನು ಗಾಡಿಯಲ್ಲೇ ಬಿಟ್ಟಿದ್ದೆ. ಮನೆ ಮುಂದಿನ ಶಹಾಬಾದ್ ಕಲ್ಲಿನ ಮೇಲೆ ಅಂಗಾತ ಮಲಗಿ ಕೆಳಗೆ ಹೋದೆ. ಜಾಕ್ ಇಲ್ಲ, ಕಟ್ಟಿಗೆ ಇಲ್ಲ, ಏನೂ ಇಲ್ಲ. ಅಳತೆ ಟೇಪಿನ ಡಬ್ಬಿಯನ್ನು ಹೌಸಿಂಗ್ ಮೇಲೆ ಇಟ್ಟು 13ರ ಪಾನಾದಿಂದ ಹಳೆ ರಾಡಿನ ನಟ್ ಬಿಚ್ಚಿದೆ. ರಾಡ್ ಕಳಚಿದ್ದೇ ತಡ, ವಾಲ್ವಿನ ಕೈ ಕೆಳಗೆ ಬಿತ್ತು. ಬುಸ್ಸ್. ಚಾಸಿ ನಿಧಾನಕ್ಕೆ, ಆದರೆ ನಿಲ್ಲದೆ, ಇಳಿಯುತ್ತಾ ಬಂತು. ನಾನು ಕೈ ಎಳೆದುಕೊಂಡೆ. ಟೇಪಿನ ಡಬ್ಬಿ ರಬ್ಬರ್ ಸ್ಟಾಪರ್ ಮತ್ತು ಹೌಸಿಂಗ್ ನಡುವೆ ಸಿಕ್ಕು ಕಟಕ್ ಅಂತ ಒಡೆಯಿತು. ಅರ್ಧ ನಿಮಿಷದ ಹಿಂದೆ ಅದೇ ಜಾಗದಲ್ಲಿ ನನ್ನ ನಾಲ್ಕು ಬೆರಳು ಇದ್ದವು. ಏರ್ ಸಸ್ಪೆನ್ಷನ್ ಇರುವ ಗಾಡಿಯ ಕೆಳಗೆ ಹೋಗುವ ಮೊದಲು ಚಾಸಿಗೆ ಸ್ಟ್ಯಾಂಡ್ ಕೊಡಿ, ಆಮೇಲೆ ಟ್ಯಾಂಕಿನ ಗಾಳಿಯನ್ನೂ ಬಲೂನಿನ ಗಾಳಿಯನ್ನೂ ಬಿಟ್ಟುಬಿಡಿ. ಬರೀ ಜಾಕ್ ನಂಬಬೇಡಿ.

ಅದಾದ ಮೇಲೂ ಬುದ್ಧಿ ಬರಲಿಲ್ಲ. ಹೊಸ ರಾಡ್ ಹಾಕಿದೆ, ಗಾಡಿ ಎರಡು ಇಂಚು ಎದ್ದಿತು, ಖುಷಿಯಾಯಿತು.

ಆಮೇಲಿನ ದಿನಗಳಲ್ಲಿ ಮೂರು ಸಣ್ಣ ತಕರಾರು ಶುರುವಾದವು. ರಾತ್ರಿ ಹೆಡ್‌ಲೈಟ್ ದೂರಕ್ಕೆ ಬೀಳದೆ ಮೂಗಿನ ಮುಂದೆಯೇ ಬೀಳುತ್ತಿತ್ತು. ಐವತ್ತು ದಾಟಿದರೆ ಸೀಟಿನ ಕೆಳಗೆ ಜುಂ ಅಂತ ನಡುಕ. ಹಿಂಭಾಗ ಎದ್ದದ್ದಕ್ಕೆ ಹಿಂದಿನ ಗಾಲಿ ತಿರುಗಿಸುವ ಶಾಫ್ಟ್ ಕೂತ ಕೋನ ಬದಲಾಗಿ ಅದರ ಕ್ರಾಸ್ (ಜಾಯಿಂಟ್) ಸವೆಯುತ್ತಿತ್ತಂತೆ, ನನಗೆ ಅದು ಗೊತ್ತಾಗಿದ್ದು ಆಮೇಲೆ. ಮೂರನೆಯದು ಬ್ರೇಕು. ಲೋಡ್ ಇದ್ದಾಗ ಗಾಡಿ ನಿಲ್ಲಲು ಮೊದಲಿಗಿಂತ ಜಾಸ್ತಿ ದೂರ ಬೇಕಾಗುತ್ತಿತ್ತು. ಬ್ರೇಕ್ ಆಯಿಲ್ ಹಳೆಯದಾಗಿದೆ ಅಂತ ಬದಲಿಸಿದೆ. ಮುಂದಿನ ಪ್ಯಾಡ್ ಬೇಗ ಸವೆದವು, ಅವನ್ನೂ ಹಾಕಿಸಿದೆ. ರಾಡಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಕೈಯಾರೆ ಮಾಡಿದ್ದು ಅಲ್ವಾ.

ಮೇ ಮೊದಲ ವಾರ. ನಮ್ಮ ಕಡೆಯ ಮೇ ತಿಂಗಳು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ರೇಟ್ ಬರಲಿ ಅಂತ ರೈತರೊಬ್ಬರು ಕಾದಿಟ್ಟಿದ್ದ 13 ಕ್ವಿಂಟಲ್ ತೊಗರಿ ತುಂಬಿಕೊಂಡು ಜೇವರ್ಗಿ ಕಡೆಯಿಂದ ಬರುತ್ತಿದ್ದೆ. ಪಕ್ಕದಲ್ಲಿ ನಮ್ಮ ಸೋದರಮಾವ. ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟಿ ಫರಹತಾಬಾದ್ ಕಡೆ ಬರುವಾಗ ಒಂದು ತಗ್ಗಿಗೆ ಎಡಗಡೆ ಹಿಂದಿನ ಗಾಲಿ ಬಿತ್ತು. ಜೋರಾಗಿಯೇ ಬಿತ್ತು. ಎರಡು ನಿಮಿಷ ಆಗಿರಬಹುದು.

"ಲೇ ಅಳ್ಯಾ, ಗಾಡಿ ಬಲಕ್ಕ ವಾಲ್ಲಕತ್ತದ ನೋಡು" ಅಂದರು ಮಾವ.

"ರೋಡೇ ಹಂಗದ ಮಾವ" ಅಂದೆ.

ರೋಡು ಹಾಗಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಎಡಗಡೆ ಹಿಂಭಾಗ ಏರುತ್ತಲೇ ಇತ್ತು. ಕಂಪ್ರೆಸರ್ ಕಿರ್ ಅಂತ ಓಡುತ್ತಲೇ ಇತ್ತು. ಪಕ್ಕಕ್ಕೆ ತೆಗೆದುಕೊಳ್ಳಲು ಬ್ರೇಕ್ ಒತ್ತಿದೆ. ಎದುರಿಗೆ ಎತ್ತಿನ ಬಂಡಿ. ಗಾಡಿ ನಾನು ಅಂದುಕೊಂಡ ಜಾಗದಲ್ಲಿ ನಿಲ್ಲಲಿಲ್ಲ. ಬಂಡಿಯವರು ಎತ್ತು ಎಳೆದುಕೊಂಡು ತಗ್ಗಿಗೆ ಇಳಿದರು, ನಾನು ಜಾಲಿ ಕಂಟಿಗೆ ನುಗ್ಗಿದೆ. ಅಷ್ಟರಲ್ಲಿ ಢಬ್ ಅಂತ ಸದ್ದು. ಎಡಗಡೆಯ ಬಲೂನ್ ಒಡೆದು ಗಾಡಿ ಆ ಕಡೆ ಧೊಪ್ಪನೆ ಕೂತಿತು. ಹಗ್ಗ ಹರಿದು ಆರು ಚೀಲ ನೆಲಕ್ಕೆ ಬಿದ್ದವು, ಎರಡು ಒಡೆದವು. ಯಾರಿಗೂ ಪೆಟ್ಟಾಗಲಿಲ್ಲ. ಮಾವ ಬಿಸಿಲಲ್ಲಿ ಕೂತು ಮಣ್ಣಿನಿಂದ ತೊಗರಿ ಬಳಿದು ಟವೆಲ್ಲಿಗೆ ಹಾಕುತ್ತಿದ್ದರು. ನನ್ನ ಜೊತೆ ಮಾತಾಡಲಿಲ್ಲ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಹುಮನಾಬಾದ್ ರಿಂಗ್ ರೋಡ್ ಕಡೆಯ ಮೆಕ್ಯಾನಿಕ್ ಒಬ್ಬರು ಗಾಡಿ ಎತ್ತಿ ತೋರಿಸಿದರು. ಪೈಪಿನ ತುಂಡು ಬಿಸಿಲಿಗೆ, ರಸ್ತೆಯ ಕಾವಿಗೆ ಮೆತ್ತಗಾಗಿ ಬಾಯಿ ಬಿಟ್ಟಿತ್ತು. ರಾಡ್ ಉದ್ದ ಜಾಸ್ತಿ ಇದ್ದದ್ದರಿಂದ ಗಾಲಿ ತಗ್ಗಿಗೆ ಬಿದ್ದು ಹೌಸಿಂಗ್ ಮೇಲೆ ಹೊಡೆದಾಗ ವಾಲ್ವಿನ ಕೈ ನೆಟ್ಟಗೆ ನಿಂತು, ಅಲ್ಲಿಂದ ಆಚೆ ಮಗ್ಗುಲಿಗೆ ಮಗುಚಿತ್ತು. ಒಮ್ಮೆ ಮಗುಚಿದ ಮೇಲೆ ಗಾಡಿ ಎಷ್ಟು ಎದ್ದರೂ ವಾಲ್ವಿಗೆ ಇನ್ನೂ ಗಾಳಿ ತುಂಬು ಅಂತಲೇ ಸುದ್ದಿ ಹೋಗುತ್ತದೆ. ಬಲೂನಿನ ಮೇಲೆ ಗಾಳಿಯ ಒತ್ತಡಕ್ಕೆ 100 ಪಿಎಸ್‌ಐ ಮಿತಿ ಅಂತ ಅಚ್ಚಿತ್ತು. ನನ್ನ ಟ್ಯಾಂಕಿನಲ್ಲಿ ಒತ್ತಡ 120 ಮುಟ್ಟಿದ ಮೇಲೆಯೇ ಕಂಪ್ರೆಸರ್ ನಿಲ್ಲುತ್ತಿತ್ತು.

ಆಮೇಲೆ ಅವರು ಇನ್ನೊಂದು ಕಡೆ ಬೆರಳು ಮಾಡಿದರು. ಚಾಸಿಯಲ್ಲಿ ಇನ್ನೊಂದು ವಾಲ್ವ್, ಅದರಿಂದಲೂ ಹೌಸಿಂಗಿಗೆ ಒಂದು ಸ್ಪ್ರಿಂಗ್ ಕಡ್ಡಿ. ಇದು ಬ್ರೇಕಿನದು, ಗಾಡಿ ಕಂಪನಿಯೇ ಕೊಟ್ಟದ್ದು.

"ಚಾಸಿ ಕೆಳಗ ಕೂತ್ರ ಲೋಡ್ ಅದ ಅಂತ ಇದು ಹಿಂದಿನ ಬ್ರೇಕಿಗಿ ಜೋರ್ ಕೊಡ್ತದ್ರಿ. ನೀವು ಗಾಡಿ ಮ್ಯಾಲ ಎತ್ತೀರಿ. ಇದು ಗಾಡಿ ಖಾಲಿ ಅದ ಅಂತ ತಿಳ್ಕೊಂಡದ."

ಎತ್ತಿನ ಬಂಡಿ ಮುಂದೆ ಗಾಡಿ ಯಾಕೆ ನಿಲ್ಲಲಿಲ್ಲ ಅಂತ ಆಗ ತಿಳಿಯಿತು. 13 ಕ್ವಿಂಟಲ್ ಹೊತ್ತ ಗಾಡಿಗೆ ಖಾಲಿ ಗಾಡಿಯ ಹಿಂದಿನ ಬ್ರೇಕು. ಎರಡು ತಿಂಗಳು ಹಾಗೆಯೇ ಓಡಿಸಿದ್ದೇನೆ. ಗಂಜಿನ ಜನಜಂಗುಳಿಯಲ್ಲಿ, ಶಾಲೆ ಮಕ್ಕಳು ದಾಟುವ ರಸ್ತೆಯಲ್ಲಿ. ಬಲೂನ್ ಒಡೆದದ್ದಕ್ಕಿಂತ ಇದನ್ನು ನೆನೆಸಿಕೊಂಡರೆ ನನಗೆ ಜಾಸ್ತಿ ಭಯ. ಒಳ್ಳೆಯ ಬಲೂನ್ ಕಿಟ್ ಹಾಕಿಸಿದವರೂ ಈ ವಾಲ್ವಿನ ಕಡ್ಡಿಯನ್ನು ಹೊಸ ಎತ್ತರಕ್ಕೆ ಸರಿ ಮಾಡಿಸಿದ್ದೀರಾ ಅಂತ ಒಮ್ಮೆ ನೋಡಿಸಿ. ಎಲ್ಲಾ ಗಾಡಿಯಲ್ಲಿ ಇದು ಇರುವುದಿಲ್ಲ, ಇದ್ದರೆ ಬಿಡಬೇಡಿ.

ಇನ್ಶೂರೆನ್ಸ್ ಕಡೆಯಿಂದ ಬಂದವರು ಮೊದಲು ಕೇಳಿದ್ದೇ, ಈ ಬಲೂನು ಆರ್‌ಸಿಯಲ್ಲಿ ಇದೆಯಾ ಅಂತ. ಇರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರಲ್ಲಿ, ಕಂಪನಿ ಕೊಟ್ಟ ವಿವರ ಆರ್‌ಸಿಯ ಜೊತೆ ತಾಳೆಯಾಗದ ಹಾಗೆ ಗಾಡಿ ಬದಲಿಸಬಾರದು ಅಂತಿದೆ. ನಾನು ಕ್ಲೇಮ್ ಮಾತು ಅಲ್ಲಿಗೇ ಬಿಟ್ಟೆ. ಒಡೆದ ಚೀಲದ ದುಡ್ಡು ರೈತರಿಗೆ ನಾನೇ ಕೊಟ್ಟೆ.

ಈಗ ಬಲೂನು, ಟ್ಯಾಂಕು, ಕಂಪ್ರೆಸರ್ ಎಲ್ಲಾ ಬಿಚ್ಚಿಸಿದ್ದೇನೆ. ಕಂಪನಿ ಪಾಟಾಗಳ ಮೇಲೆಯೇ ಗಾಡಿ ಓಡುತ್ತಿದೆ. ಬದು ಬಂದರೆ ಇಳಿದು ನೋಡಿ ಸುತ್ತಿಕೊಂಡು ಹೋಗುತ್ತೇನೆ. ಹೋದ ವಾರ ಹಳೆ ಫೋಟೋ ನೋಡಿದ ಗೆಳೆಯರೊಬ್ಬರು ಫೋನ್ ಮಾಡಿ ಆ ರಾಡಿನ ಅಳತೆ ಎಷ್ಟು ಅಂತ ಕೇಳಿದರು. ಅಳತೆ ಕೊಡಲಿಲ್ಲ. ಒಡೆದ ಟೇಪ್ ಡಬ್ಬಿಯ ಫೋಟೋ ಕಳಿಸಿದೆ.